ಗಾಳಿ ನಿಲ್ಲದಿರಲಿ ಎಂದು ಬೇಡಿಕೊಂಡ ಆಷಾಢ

ಹೋದ ವಾರ ಹರಪನಹಳ್ಳಿಗೆ ಹೋಗಿದ್ದೆ. ಗಾಳಕ್ಕೆ ಕಟ್ಟುವ ಉಂಡೆಗೆ ಮೆಕ್ಕೆಜೋಳದ ಹಿಟ್ಟು ಬೇಕಿತ್ತು. ಅಲ್ಲಿಯ ಗಿರಣಿಯವನೊಬ್ಬ ನನಗೆ ಹೇಗೆ ಬೇಕೋ ಹಾಗೆ ತರಿತರಿಯಾಗಿ ಒಡೆದುಕೊಡುತ್ತಾನೆ. ಬಸ್‌ಸ್ಟ್ಯಾಂಡ್ ದಾಟಿ ಹೊರಗೆ ಬಂದರೆ ರಸ್ತೆಗೆ ಡಾಂಬರು ಹಾಕುತ್ತಿದ್ದಾರೆ. ಕುದಿಯುವ ಡಾಂಬರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈಕಾಲು ತಣ್ಣಗಾದವು. ಮಟಮಟ ಮಧ್ಯಾಹ್ನ, ಸುತ್ತ ಜನ, ಕಾಲಡಿ ಗಟ್ಟಿ ನೆಲ. ಆದರೂ ಅಂಗಡಿಯೊಂದರ ಕಟ್ಟೆ ಹಿಡಿದು ಕುಳಿತುಬಿಟ್ಟೆ. "ಬಿ.ಪಿ. ಏನ್ರಿ ಯಜಮಾನ್ರ?" ಎಂದು ಅಂಗಡಿಯವನು ನೀರು ಕೊಟ್ಟ. ಹೌದೆಂದೆ. ಇಲ್ಲ ಎನ್ನಲು ಹೋದರೆ ಒಂದು ಇಡೀ ಆಷಾಢದ ಕತೆ ಹೇಳಬೇಕಾಗುತ್ತಿತ್ತು.

ನಮ್ಮದು ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲಿ ತುಂಗಭದ್ರಾ ಡ್ಯಾಮಿನ ಹಿನ್ನೀರಿಗೆ ಅಂಟಿಕೊಂಡ ಊರು. ಹೆಸರಿಗೆ ಹಿನ್ನೀರು, ನೋಡಿದರೆ ಆಚೆ ದಡ ಕಾಣದ ಕೆರೆ. ಅಪ್ಪ ಬಲೆ ಬೀಸಿ ಬದುಕಿದ. ನಾನೂ ಬೀಸಿದೆ. ಆಮೇಲೆ ದಾವಣಗೆರೆ, ಹೊಸಪೇಟೆ ಕಡೆಯಿಂದ ಕಾರಿನಲ್ಲಿ ಜನ ಬರತೊಡಗಿದರು. ಉದ್ದುದ್ದನೆಯ ಗಾಳದ ಕೋಲು, ಕರಿ ಕನ್ನಡಕ, ಡಬ್ಬಿ ತುಂಬ ಬಣ್ಣದ ಪ್ಲಾಸ್ಟಿಕ್ ಮೀನು. ಅವರನ್ನು ತೆಪ್ಪದಲ್ಲಿ ಕೂರಿಸಿಕೊಂಡು ಮೀನಿರುವ ಕಡೆ ಒಯ್ಯುವುದು, ಗಾಳ ಎಲ್ಲಾದರೂ ಸಿಕ್ಕಿಕೊಂಡರೆ ಬಿಡಿಸುವುದು, ಮೀನು ಬಿದ್ದರೆ ಅವರಿಗಿಂತ ಜೋರಾಗಿ ಹಿಗ್ಗುವುದು ನನ್ನ ಕೆಲಸವಾಯಿತು. ಹಿಡಿದ ಮೀನನ್ನು ಫೋಟೋ ತೆಗೆದು ಮತ್ತೆ ನೀರಿಗೇ ಬಿಡುವವರೂ ಇದ್ದರು. ಅಪ್ಪ ಇದ್ದಿದ್ದರೆ ಅವರನ್ನೂ ನನ್ನನ್ನೂ ಸೇರಿಸಿ ಕೆರದಲ್ಲಿ ಹೊಡೆಯುತ್ತಿದ್ದ. ಊರವರು ನನಗೆ ಗೈಡಪ್ಪ ಎಂದು ಹೆಸರಿಟ್ಟರು. ಹುಲುಗಪ್ಪ ಎಂಬ ನಿಜವಾದ ಹೆಸರು ಆಧಾರ್ ಕಾರ್ಡಿನಲ್ಲಿ ಮಾತ್ರ ಉಳಿಯಿತು.

ನಮ್ಮ ತೆಪ್ಪ ದುಂಡನೆಯದು. ಬಿದಿರು ಹೆಣೆದು, ಗೊಬ್ಬರದ ಚೀಲ ಹೊಚ್ಚಿ, ಮೇಲೆ ಡಾಂಬರು ಬಳಿಯುತ್ತೇವೆ. ದಂಡೆಯ ಮೇಲೆ ಒಂದೊಂದು ಮನೆಯ ತೆಪ್ಪಕ್ಕೂ ಅದರದೇ ಜಾಗ. ಬೋರಲು ಹಾಕಿ ಮೇಲೊಂದು ಕಲ್ಲು ಹೇರಿದ್ದರೆ ಆ ಮನೆಯವನು ನೆಲದ ಮೇಲಿದ್ದಾನೆ. ಜಾಗ ಖಾಲಿಯಿದ್ದರೆ ನೀರಿನ ಮೇಲಿದ್ದಾನೆ. ಯಾರೂ ಯಾರನ್ನೂ ಕೇಳಬೇಕಿಲ್ಲ, ದಂಡೆ ನೋಡಿದರೆ ಸಾಕು. ಇನ್ನೊಂದು ಪದ್ಧತಿಯೂ ಉಂಟು. ನೀರಿನ ಮೇಲಿರುವವರನ್ನು ಹೆಸರು ಹಿಡಿದು ಕೂಗುವುದಿಲ್ಲ. "ಓ ತೆಪ್ಪಾ" ಅನ್ನುತ್ತೇವೆ, ಅಷ್ಟೇ. ಹೆಸರು ಹಿಡಿದು ಕೂಗುವವರು ನೀರಲ್ಲಿ ಸತ್ತವರು, ಆ ಕೂಗಿಗೆ ತಿರುಗಿ ನೋಡಬಾರದು ಎಂದು ಚಿಕ್ಕಂದಿನಲ್ಲೇ ಹೇಳಿಕೊಟ್ಟಿರುತ್ತಾರೆ. ಈ ಮೊಬೈಲ್ ಕಾಲದಲ್ಲೂ ಅದನ್ನು ನಮ್ಮೂರಲ್ಲಿ ಯಾರೂ ಮೀರುವುದಿಲ್ಲ.

ನಾನು ಹೇಳುವ ಆ ಆಷಾಢದ ವರ್ಷ, ಬೇಸಿಗೆಯ ಕೊನೆಯಲ್ಲಿ ದಾವಣಗೆರೆಯ ಡಾಕ್ಟರೊಬ್ಬರನ್ನು ಅವರ ಗೆಳೆಯನ ಜೊತೆ ಕರೆದೊಯ್ದಿದ್ದೆ. ನೀರೊಳಗೆ ಅರ್ಧ ಮುಳುಗಿ ನಿಂತ ಬಳ್ಳಾರಿ ಜಾಲಿಯ ಮೆಳೆಯೊಂದಿದೆ. ಅಲ್ಲಿ ದೊಡ್ಡ ಬಾಳೆಮೀನು ಇರುತ್ತವೆ. ಡಾಕ್ಟರ ಗಾಳಕ್ಕೆ ಒಂದು ಬಿತ್ತು. ಕೋಲು ಬಾಗಿದ್ದು ನೋಡಿ ಗೆಳೆಯ ಫೋಟೋ ತೆಗೆಯಲು ಎದ್ದು ನಿಂತ. "ಕುಂದರ್ರೀ ಸಾಹೇಬ್ರ!" ಎಂದು ನಾನು ಅರಚುವಷ್ಟರಲ್ಲಿ ಪಕ್ಕದಿಂದ ಗಾಳಿ ಹೊಡೆಯಿತು, ತೆಪ್ಪ ಮಗುಚಿತು. ಅವರಿಬ್ಬರೂ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡಿದ್ದರು, ಸೋರೆ ಬುರುಡೆಯ ಹಾಗೆ ತೇಲಿದರು. ನಾನು ಹಾಕಿರಲಿಲ್ಲ. ನೀರಿನ ಮಕ್ಕಳಿಗೆ ಜಾಕೆಟ್ ಯಾಕೆ ಎನ್ನುವ ಜಂಬ.

ಜಾಲಿ ಕೊಂಬೆಗೆ ಯಾರದೋ ಹರಿದ ಹಳೇ ಬಲೆ ಸುತ್ತಿಕೊಂಡಿತ್ತು. ನನ್ನ ಕಾಲು ಅದರೊಳಗೆ ಹೋಯಿತು. ಎಳೆದಷ್ಟೂ ಬಿಗಿಯಿತು. ಮೇಲೆ ಬೆಳಕು ಕಾಣುತ್ತಿತ್ತು, ಕೈಗೆ ಎಟುಕುವಷ್ಟೇ ದೂರ, ಆದರೆ ಎಟುಕಲಿಲ್ಲ. ಎದೆ ಒಡೆಯುವ ಹೊತ್ತಿಗೆ ಪ್ಯಾಂಟು ಹರಿದು ಕಾಲು ಬಿಟ್ಟಿತು. ಎದ್ದೆ, ಎದ್ದದ್ದು ಮಗುಚಿದ ತೆಪ್ಪದ ಹೊಟ್ಟೆಯೊಳಕ್ಕೆ. ಕಗ್ಗತ್ತಲು, ಒಂದು ಬೊಗಸೆ ಗಾಳಿ, ಮೂಗಿನ ತುಂಬ ಡಾಂಬರು. ಸತ್ತೆ ಎಂದೇ ತಿಳಿದಿದ್ದೆ. ಅತ್ತ ಬಲೆ ಹಾಕಲು ಬಂದವರು ನಮ್ಮನ್ನೆಲ್ಲ ದಡಕ್ಕೆ ಎಳೆತಂದರು.

ಡಾಕ್ಟರು ಅದನ್ನೊಂದು ಸಾಹಸ ಎಂದುಕೊಂಡರು. ನನಗೆ ಮಾತ್ರ ಅವತ್ತಿನಿಂದ ಹೆದರಿಕೆ ಹಿಡಿಯಿತು. ನೀರು ಕಂಡರೆ ಕಾಲು ಬಿಗಿಯುತ್ತಿತ್ತು. ಸ್ನಾನಕ್ಕೆ ಕುಳಿತರೆ ತಲೆಯ ಮೇಲೆ ಚೆಂಬು ಸುರಿದುಕೊಳ್ಳಲು ಆಗುತ್ತಿರಲಿಲ್ಲ, ಉಸಿರು ಕಟ್ಟುತ್ತಿತ್ತು. ಕುತ್ತಿಗೆಯವರೆಗೆ ತೊಳೆದುಕೊಂಡು ಎದ್ದುಬಿಡುತ್ತಿದ್ದೆ. ಯಾರಿಗೆ ಹೇಳುವುದು? ಅಂಬಿಗರ ಮನೆಯಲ್ಲಿ ಹುಟ್ಟಿ ನೀರಿಗೆ ಅಂಜುತ್ತೇನೆ ಎಂದರೆ ಊರು ನಗುವುದಿಲ್ಲವೇ? ಹೆಂಡತಿ ಹನುಮಕ್ಕನಿಗಂತೂ ಹೇಳಲಾಗದು ಎಂದುಕೊಂಡೆ. ಅವಳು ಹೊಳೆದಂಡೆಯ ಹಲವಾಗಲಿನವಳು, ತುಂಬಿದ ಹೊಳೆಯಲ್ಲಿ ತೆಪ್ಪ ಹಾಕಿ ಬೆಳೆದವಳು. ಊರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ, ಹೆಡ್ ಮಾಸ್ತರರಿಗೂ ಹೆದರುವವಳಲ್ಲ.

ಅಷ್ಟರಲ್ಲಿ ಆಷಾಢ ಬಂತು, ನನ್ನ ಪುಣ್ಯಕ್ಕೆ. ನಮ್ಮ ಕಡೆ ಆಷಾಢವೆಂದರೆ ಮಳೆಯಲ್ಲ, ಗಾಳಿ. ಹಗಲೆಲ್ಲ ಬೀಸುತ್ತದೆ, ತಟ್ಟೆಯಲ್ಲಿಯ ಅನ್ನಕ್ಕೆ ಮಣ್ಣು, ಒಣಹಾಕಿದ ಸೀರೆ ಪಕ್ಕದ ಓಣಿಯಲ್ಲಿ. ಆ ಗಾಳಿಯಲ್ಲಿ ಯಾರೂ ತೆಪ್ಪ ಇಳಿಸುವುದಿಲ್ಲ, ಗೈಡಿಗೆ ಕೆಲಸವಿಲ್ಲ. ಉಳಿದವರು ಗಾಳಿಯನ್ನು ಬಯ್ಯುತ್ತ ಕಟ್ಟೆಯ ಮೇಲೆ ಬಲೆ ಹೆಣೆಯುತ್ತಿದ್ದರು. ನಾನು ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಕಿವಿ ಕೊಡುತ್ತಿದ್ದೆ. ಮಾಡಿನ ತಗಡು ಪಟಪಟ ಬಡಿದುಕೊಳ್ಳುತ್ತಿದ್ದರೆ ಅಬ್ಬಾ ಎನಿಸುತ್ತಿತ್ತು. ತಾಯಿ ಹುಲಿಗೆಮ್ಮ, ಇವತ್ತೊಂದು ದಿನ ಬೀಸಲಿ ಎಂದು ಕೈ ಮುಗಿಯುತ್ತಿದ್ದೆ. ಒಂದು ಗಳಿಗೆ ಸದ್ದು ನಿಂತರೆ ಎದ್ದು ಕುಳಿತು ತಗಡನ್ನೇ ನೋಡುತ್ತಿದ್ದೆ.

ಡಾಕ್ಟರದು ಮೇಲಿಂದ ಮೇಲೆ ಫೋನು. "ಹುಲುಗಪ್ಪ, ಆ ಬಾಳೆಮೀನು ಬಿಡಬಾರದು. ಯಾವಾಗ ಬರಲಿ?"

"ಗಾಳಿ ಭಾಳ ಐತ್ರಿ ಸಾಹೇಬ್ರ. ನಿಂತ ಮ್ಯಾಲೆ ನಾನಾ ಹೇಳ್ತೀನ್ರಿ."

ಆಮೇಲಾಮೇಲೆ ಆ ಫೋನು ಬಡಿದುಕೊಂಡರೂ ಎತ್ತುತ್ತಿರಲಿಲ್ಲ. ಬಂದ್ ಮಾಡಿ ಗೂಡಿನಲ್ಲಿ ಇಟ್ಟುಬಿಟ್ಟೆ.

"ಏನ್ ಗೈಡಪ್ಪಾರ, ಇವತ್ತೂ ಡ್ಯೂಟಿ ಇಲ್ಲೇನ್ರಿ?" ಎಂದು ಹನುಮಕ್ಕ ಶಾಲೆಗೆ ಹೊರಡುವಾಗ ಕಿಚಾಯಿಸುತ್ತಿದ್ದಳು.

"ಗಾಳಿ ಕಾಣವಲ್ದೇನು? ದಂಡಿಗೆ ಹೋಗಿ ತೆಪ್ಪ ನೋಡ್ಕಂಡು ಬರ್ತೀನಿ."

ಅವಳು ಬಾಗಿಲಲ್ಲಿ ನಿಂತು ಒಂದು ಕ್ಷಣ ನನ್ನ ಮುಖ ನೋಡಿ ಹೋಗುತ್ತಿದ್ದಳು.

ದಂಡೆಯ ಹಾದಿ ಹಿಡಿಯುತ್ತಿದ್ದೆ, ನಿಜ. ನೀರು ಕಾಣುವ ತಿರುವಿನಲ್ಲೇ ಹೊಲ ದಾಟಿ ಬಸ್ಸಿನ ರಸ್ತೆ ಸೇರಿ ಹಗರಿಬೊಮ್ಮನಹಳ್ಳಿಗೆ ಹೋಗಿಬಿಡುತ್ತಿದ್ದೆ. ಅಲ್ಲಿ ಖಾಜಾನ ಚಹಾದಂಗಡಿ. ಮೂಲೆಯ ಬೆಂಚು, ಒಗ್ಗರಣೆ ಮಂಡಕ್ಕಿ, ಮಿರ್ಚಿ, ಗೋಡೆಗೆ ಒರಗಿ ತೂಕಡಿಕೆ. ಅಲ್ಲಿ ಕುಳಿತರೆ ನೀರಿನ ಸದ್ದಿಲ್ಲ.

"ಏನ್ ಹುಲುಗಪ್ಪಣ್ಣ, ಗಾಳಿ ಇನ್ನೂ ನಿಂತಿಲ್ಲೇನು?" ಎಂದು ಖಾಜಾ ಒಂದು ದಿನ ಕೇಳಿದ.

"ಇಲ್ಲಪ್ಪ, ದೇವರ ದಯದಿಂದ," ಎಂದುಬಿಟ್ಟೆ.

ಅವನು ಬಾಣಲೆಯಿಂದ ಮಿರ್ಚಿಯ ಜಾಲರಿ ಸೌಟು ಎತ್ತಿ ಹಿಡಿದವನು ಹಾಗೇ ನಿಂತ. "ಕೆಲಸ ಇಲ್ಲದ್ದಕ್ಕ ದೇವರ ದಯ ಅನ್ನಾವನ್ನ ಇವತ್ತ ನೋಡಿದೆ ನೋಡು!" ಎಂದು ನಕ್ಕ. ನಾನೂ ನಕ್ಕೆ. ಆದರೆ ಸಿಕ್ಕಿಬಿದ್ದೆನೇನೋ ಎಂದು ಚಹಾ ಅರ್ಧಕ್ಕೇ ಬಿಟ್ಟು ಎದ್ದೆ.

ಹೀಗೆ ದಂಡೆಗೆ ಕಾಲಿಡದೆ ದಿನ ಕಳೆದವು. ಅಷ್ಟರಲ್ಲಿ ಮಲೆನಾಡಿನ ಕಡೆ ಮಳೆ ಹಿಡಿದಿತ್ತು. ನಮ್ಮಲ್ಲಿ ಹನಿ ಇಲ್ಲದಿದ್ದರೂ ಹೊಳೆಯಲ್ಲಿ ಹೊಸ ಕೆಂಪು ನೀರು ಇಳಿದು ಬರುತ್ತದೆ, ಹಿನ್ನೀರು ಮೆಲ್ಲಗೆ ಮೇಲೇರುತ್ತದೆ. ಆಗ ದಿನಾ ಹೋಗಿ ತೆಪ್ಪವನ್ನು ಅಷ್ಟಷ್ಟು ಮೇಲಕ್ಕೆ ಎಳೆದು ಹಾಕಬೇಕು. ಎಲ್ಲರೂ ಎಳೆದು ಹಾಕಿದ್ದರು. ನಾನೇ ದಿನಾ ದಂಡೆಗೆ ಹೋಗಿಬರುತ್ತೇನೆ ಎಂದು ಸಾರಿಕೊಂಡಿದ್ದೆನಲ್ಲ, ನನ್ನ ತೆಪ್ಪವನ್ನು ಬೇರೆ ಯಾರು ಯಾಕೆ ಮುಟ್ಟುತ್ತಾರೆ?

ಅವತ್ತು ಗಾಳಿ ಬಹಳ ಜೋರಿತ್ತು. ಊಟದ ಹೊತ್ತು ಮೀರಿದ ಮೇಲೆ ಬಸ್ಸಿಳಿದು ಊರ ಕಡೆ ಬರುತ್ತಿದ್ದೆ. ದಂಡೆಯ ಕಡೆಯಿಂದ ಮೈಲಾರಪ್ಪ ಮಾವ ಓಡಿ ಬರುತ್ತಿದ್ದ. ನಮ್ಮ ಪಕ್ಕದ ಮನೆಯ ಮುದುಕ. ಆ ವಯಸ್ಸಿಗೆ ಅವನು ಓಡಿದ್ದನ್ನು ನಾನು ನೋಡಿಯೇ ಇರಲಿಲ್ಲ. ನನ್ನನ್ನು ಕಂಡವನೇ ದೆವ್ವ ಕಂಡವನಂತೆ ನಿಂತುಬಿಟ್ಟ.

"ನೀ... ಇಲ್ಲಿ ಅದಿಯೇನಲೇ?"

"ಯಾಕ ಮಾವ?"

"ಅಯ್ಯೋ ನಿನ್ನ! ನಿನ್ನ ತೆಪ್ಪ ಜಾಗದಾಗ ಇಲ್ಲ. ಮುಂಜೇಲಿ ನೀ ದಂಡಿ ಕಡಿ ಹೋಗಿದ್ದು ನಾನಾ ನೋಡೀನಿ. ಜಾಲಿ ಮೆಳಿ ಹತ್ರ ಬೋರಲು ಬಿದ್ದು ತೇಲಾಕತ್ತೈತಿ. ಹನುಮಕ್ಕ ಸಾಲಿಂದ ಬಂದಾಕಿ ಅದನ್ನ ನೋಡಿದ್ಲು. ನಾ ಬ್ಯಾಡ ಬ್ಯಾಡ ಅಂದ್ರೂ ಕೇಳದಂಗ ನನ್ನ ತೆಪ್ಪ ಇಳಿಸಿಕ್ಯಂಡು ನಿನ್ನ ಹುಡುಕಾಕ ಹೋಗ್ಯಾಳಪ್ಪ!"

ಹೇಗೆ ದಂಡೆಗೆ ಓಡಿದೆನೋ ತಿಳಿಯದು. ನನ್ನ ಜಾಗದಲ್ಲಿ ನೀರು ನಿಂತಿತ್ತು. ಮೇಲೆ ಹೇರಿದ್ದ ಕಲ್ಲು ನೀರೊಳಗೆ ಉರುಳಿ ಬಿದ್ದಿತ್ತು. ಕೆಂಪು ನೀರಿನ ಮೇಲೆ ಬಿಳಿ ನೊರೆ, ದೂರದಲ್ಲಿ ನೀರಿನಿಂದ ತಲೆ ಎತ್ತಿದ ಜಾಲಿಗಳು, ಅಲ್ಲೊಂದು ಕರಿ ಬೆನ್ನು. ಅದು ನನ್ನ ತೆಪ್ಪ. ಅದರ ಕಡೆಗೆ ಕುಣಿಯುತ್ತ ಹೋಗುತ್ತಿದ್ದ ಇನ್ನೊಂದು ಚುಕ್ಕೆ ನನ್ನ ಹೆಂಡತಿ.

ಗಾಳಿ ನಮ್ಮ ದಡದಿಂದ ಅತ್ತ ಬೀಸುತ್ತಿತ್ತು. "ಹನುಮಕ್ಕಾ! ಏ ಹನುಮಕ್ಕಾ! ನಾ ಇಲ್ಲೇ ಅದೀನಿ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಚುಕ್ಕೆ ಒಂದು ಗಳಿಗೆ ನಿಂತಂತೆ ಕಂಡಿತು. ಆಮೇಲೆ ಇನ್ನೂ ಜೋರಾಗಿ ಮುಂದಕ್ಕೆ ಹೋಯಿತು.

ಮಾವ ನನ್ನ ರಟ್ಟೆ ಹಿಡಿದು ಜಗ್ಗಿದ. "ಹೆಸರು ಹಿಡಿದು ಕೂಗ್ತಿಯಲ್ಲೋ ಹುಚ್ಚಪ್ಯಾಲಿ! ತಿರುಗಿ ನೋಡ್ತಾಳೇನು ಆಕಿ?"

ಮತ್ತೆ ಕೂಗಿದರೂ ಅವಳಿಗೆ ಅದು ಸತ್ತವನ ಕೂಗೇ. ಮುಂದೆ ಇರುವುದು ಅದೇ ಜಾಲಿ, ಅದೇ ಹರಿದ ಬಲೆ. ಅವಳು ನನ್ನನ್ನು ಹುಡುಕಲು ನೀರಿಗೆ ಕೈ ಹಾಕುತ್ತಾಳೆ, ಬಗ್ಗುತ್ತಾಳೆ. ಯಾರಾದರೂ ಹೋಗಬೇಕಿತ್ತು. ದಂಡೆಯ ಮೇಲೆ ಮುದುಕನೊಬ್ಬ, ನಾನೊಬ್ಬ. ಊರ ಗಂಡಸರನ್ನು ಕರೆತರುವಷ್ಟು ಹೊತ್ತಿರಲಿಲ್ಲ.

ನಾನು ಧೈರ್ಯ ಮಾಡಿದೆ ಎಂದು ಈಗ ಬರೆದರೆ ಸುಳ್ಳಾಗುತ್ತದೆ. ಅತ್ತುಕೊಂಡೇ ಅಲ್ಲಿ ಬೋರಲಿದ್ದ ಇನ್ನೊಬ್ಬರ ತೆಪ್ಪವನ್ನು ಮಗುಚಿ ನೀರಿಗೆಳೆದೆ. ಹಗುರ ತೆಪ್ಪವನ್ನು ಗಾಳಿ ಎತ್ತಿ ಒಗೆಯುತ್ತದೆಂದು ಮಾವ ಎರಡು ಚೀಲ ಹಸಿ ಉಸುಕು ತುಂಬಿ ಒಳಗಿಟ್ಟ. ಗಿರಾಕಿಗಳ ಜಾಕೆಟ್‌ಗಳನ್ನು ದಂಡೆಯ ಗುಡಿಸಲಿನಲ್ಲಿ ತೂಗುಹಾಕಿರುತ್ತೇನೆ. ಅವುಗಳಲ್ಲೊಂದನ್ನು ಮಾವ ತಂದು, ಶಾಲೆಗೆ ಹೊರಟ ಮಗುವಿಗೆ ಅಂಗಿ ತೊಡಿಸಿದ ಹಾಗೆ ನನಗೆ ತೊಡಿಸಿ ಪಟ್ಟಿ ಬಿಗಿದ. "ನಡಿ," ಎಂದ. ಕಾಲು ಏಳಲಿಲ್ಲ. ಅವನೇ ನೂಕಿದ.

ಹೋಗುವುದಕ್ಕೆ ಹುಟ್ಟು ಹಾಕುವುದೇ ಬೇಕಿರಲಿಲ್ಲ, ಗಾಳಿಯೇ ಒಯ್ದಿತು. ತೆಪ್ಪ ಗಿರಗಿರ ತಿರುಗಿತು. ಅಲೆ ಅಂಚಿಗೆ ಬಡಿದು ಮುಖಕ್ಕೆ ನೀರು ಎರಚಿದಾಗಲೆಲ್ಲ ನನ್ನ ಉಸಿರು ನಿಂತು, ಕಣ್ಣು ಕತ್ತಲಿಟ್ಟು, ಮತ್ತೆ ಆ ತೆಪ್ಪದ ಹೊಟ್ಟೆಯೊಳಗೆ ಸೇರುತ್ತಿದ್ದೆ. ಬೆರಳು ಹುಟ್ಟಿಗೆ ಕಚ್ಚಿಕೊಂಡು ಬಿಡಿಸಲು ಬರುತ್ತಿರಲಿಲ್ಲ. "ಇಲ್ಲ, ಮ್ಯಾಲೆ ಅದೀನಿ, ಮ್ಯಾಲೆ ಅದೀನಿ," ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ವಾಂತಿಯಾಯಿತು. ಒರೆಸಿಕೊಳ್ಳಲೂ ಕೈ ಬಿಡಲಿಲ್ಲ.

ಜಾಲಿಗಳ ಹತ್ತಿರ ಬಂದಾಗ ಅವಳು ಕಂಡಳು. ಮಾವನ ತೆಪ್ಪ ಮುಳ್ಳುಕೊಂಬೆಗೆ ಸಿಕ್ಕಿ ಒಂದು ಕಡೆಗೆ ವಾಲಿತ್ತು. ಹನುಮಕ್ಕ ಅಂಚಿಗೆ ಹೊಟ್ಟೆ ಊರಿ, ಭುಜದವರೆಗೆ ತೋಳು ಇಳಿಬಿಟ್ಟು, ನನ್ನ ಮಗುಚಿದ ತೆಪ್ಪದ ಕೆಳಗೆ ತಡಕುತ್ತಿದ್ದಳು. ಇನ್ನೊಂದು ಗೇಣು ಬಗ್ಗಿದರೆ ಒಳಗೆ. ಹೆಸರು ಮತ್ತೆ ಬಾಯಿಗೆ ಬಂದೇ ಬಿಟ್ಟಿತ್ತು, ನುಂಗಿಕೊಂಡೆ.

"ಓ ತೆಪ್ಪಾ!"

ತಲೆ ಎತ್ತಿದಳು. ಕೂದಲು ಬಿಚ್ಚಿ ಮುಖಕ್ಕೆ ಅಂಟಿತ್ತು. ನನ್ನ ಮುಖ ನೋಡಿದಳು, ನಂಬಲಿಲ್ಲ. ಆಮೇಲೆ ಕಣ್ಣು ಜಾಕೆಟ್ಟಿನ ಮೇಲೆ ಬಿತ್ತು. ಆ ಕಿತ್ತಳೆ ಬಣ್ಣವನ್ನೇ ಬಹಳ ಹೊತ್ತು ನೋಡಿದಳು. ಹಾಗೇ ತೆಪ್ಪದೊಳಗೆ ಕುಸಿದು ಕುಳಿತಳು.

"ಸತ್ತಾವ ಜಾಕೀಟು ಹಾಕ್ಕಂಡು ಬರಂಗಿಲ್ಲ," ಎಂದಳು, ತನಗೆ ತಾನೇ ಹೇಳಿಕೊಳ್ಳುವವಳ ಹಾಗೆ. ಮರುಕ್ಷಣ ದನಿ ಏರಿತು. "ಎಲ್ಲಿ ಹಾಳಾಗಿ ಹೋಗಿದ್ದ್ಯೋ?"

"ಹಗರಿಬೊಮ್ಮನಹಳ್ಳ್ಯಾಗ... ಖಾಜಾನ ಚಾದಂಗಡ್ಯಾಗ."

"ಚಾದಂಗಡ್ಯಾಗ!" ಒದ್ದೆ ಹುಟ್ಟು ಎತ್ತಿ ಜಾಕೆಟ್ಟಿನ ಮೇಲೆ ಬಾರಿಸಿದಳು. ಇನ್ನೊಮ್ಮೆ ಬಾರಿಸಿದಳು. ಆಮೇಲೆ ಹುಟ್ಟು ಕೆಳಗಿಟ್ಟು ಗೊಳೋ ಎಂದು ಅತ್ತಳು.

ಗಾಳಿಗೆ ಎದುರಾಗಿ ಹಿಂದಿರುಗುವ ಮಾತಿರಲಿಲ್ಲ. ನಾವು ಬಂದ ಎರಡೂ ತೆಪ್ಪ ಸೇರಿಸಿ ಕಟ್ಟಿ, ಅವಳ ಸೆರಗು ಹರಿದು ಕೈಗೆ ಸುತ್ತಿಕೊಂಡು, ಜಾಲಿ ಕೊಂಬೆ ಹಿಡಿದು ಕುಳಿತೆವು. ಮುಳ್ಳು ಬಟ್ಟೆ ದಾಟಿ ಅಂಗೈಗೆ ಇಳಿಯುತ್ತಿತ್ತು. ಬಿಟ್ಟರೆ ಗಾಳಿ ಎತ್ತ ಒಯ್ಯುತ್ತದೋ ಗೊತ್ತಿಲ್ಲ. ಸಂಜೆಗೆ ಗಾಳಿ ಸ್ವಲ್ಪ ಇಳಿಯುತ್ತದೆ, ಅಲ್ಲಿಯವರೆಗೆ ಕಾಯಬೇಕಿತ್ತು.

"ನಾ ಕೂಗಿದ್ದು ಕೇಳಿಸಲಿಲ್ಲೇನು?" ಎಂದೆ.

"ಕೇಳಿಸ್ತು. ನಿನ್ನ ದನೀನ ಅಂತಾನೂ ಗೊತ್ತಾತು. ಹೆಸರು ಹಿಡಿದು ಕರದ್ಯಲ್ಲ, ಮುಗೀತು, ಸತ್ತೇ ಹೋಗ್ಯಾನ ಅಂದ್ಕಂಡೆ. ಹೆಣನಾದ್ರೂ ಮನಿಗೆ ಒಯ್ಯಾಣ ಅಂತ ಮುಂದ ಬಂದೆ."

ಅವಳೇ ಮುಂದುವರಿಸಿದಳು.

"ಬ್ಯಾರೆ ಯಾರದರ ತೆಪ್ಪ ಆಗಿದ್ರ ಹಿಂಗ ಓಡಿ ಬರ್ತಿದ್ದಿಲ್ಲ ನಾನು. ಈಜಾಡಿಕ್ಯಂತ ಬರ್ತಾರ ಬಿಡು ಅಂತಿದ್ದೆ. ತಲಿ ಮ್ಯಾಲೆ ನೀರು ಹಾಕ್ಕಳ್ಳಾದು ಬಿಟ್ಟು ಎಷ್ಟು ದಿನ ಆತು ನೀನು? ತಗಡು ಬಡಕಂಡ್ರ ನಿನ್ನ ಮಕ ಅರಳ್ತಿತ್ತು. ನಾ ಏನು ಕುರುಡಿ ಏನು?"

"ಗೊತ್ತಿದ್ರ ಯಾಕ ಕೇಳಲಿಲ್ಲ?"

"ನೀನಾ ಹೇಳ್ತಿ ಅಂತ ಕಾದೆ. ಇಷ್ಟು ಅಂಜಾವ ಇಂಥಾ ಗಾಳ್ಯಾಗ ಒಬ್ಬನಾ ನೀರಿಗೆ ಹೋಗ್ಯಾನ ಅಂದ್ರ..." ಮುಖ ಅತ್ತ ತಿರುಗಿಸಿದಳು. "ವಾಪಸ್ ಬರಾಕ ಹೋಗಿಲ್ಲ ಇವ ಅಂದ್ಕಂಡೆ."

ಅಲೆ ಬಡಿಯುತ್ತಿತ್ತು. ಕೊಂಬೆ ಹಿಡಿದ ಕೈ ಮರಗಟ್ಟಿತ್ತು. ಅವಳ ತಲೆಯಲ್ಲಿ ಇಷ್ಟು ದಿನ ಏನೇನು ಓಡಿತ್ತು ಎಂದು ನೆನೆದರೆ ನೀರಿಗಿಂತ ಅದೇ ದೊಡ್ಡ ಹೆದರಿಕೆಯಾಯಿತು.

"ಅಂಜಿಕಿ ಆಗ್ತೈತಿ, ಹನುಮಕ್ಕ," ಎಂದೆ. ಆ ಮಾತು ಬಾಯಿಂದ ಹೊರಗೆ ಬಂದದ್ದು ಅದೇ ಮೊದಲು. "ಈಗೂ ಆಗಾಕತ್ತೈತಿ."

"ನನಗೂ," ಎಂದಳು. "ಕೊಂಬಿ ಗಟ್ಟಿ ಹಿಡಿ."

ಹೊತ್ತು ಇಳಿದಾಗ ಗಾಳಿಯೂ ಇಳಿಯಿತು. ನನ್ನ ತೆಪ್ಪವನ್ನು ಹಿಂದೆ ಕಟ್ಟಿಕೊಂಡು ಇಬ್ಬರೂ ಹುಟ್ಟು ಹಾಕುತ್ತ ಬಂದೆವು. ದಂಡೆಯಲ್ಲಿ ಊರೇ ನೆರೆದಿತ್ತು. ಮೈಲಾರಪ್ಪ ಮಾವ ಮೊಣಕಾಲು ನೀರಿಗೆ ಇಳಿದು ತೆಪ್ಪದ ಅಂಚು ಹಿಡಿದ. "ನನ್ನ ತೆಪ್ಪಕ್ಕ ತೂತು ಬಿದ್ದೈತಿ, ಡಾಂಬರು ಯಾರು ಹಚ್ಚತೀರಿ?" ಎಂದು ಬಯ್ದ. ಮರುದಿನ ಡಾಂಬರು ಕಾಯಿಸಿ ನಾನೇ ಹಚ್ಚಿದೆ.

ಶ್ರಾವಣದಲ್ಲಿ ಗಾಳಿ ನಿಂತಿತು. ತಗಡು ಸುಮ್ಮನಾದ ಬೆಳಿಗ್ಗೆ ನಾನು ಹಾಸಿಗೆಯಲ್ಲಿ ಬೆವೆತು ಮಲಗಿದ್ದೆ. ಹನುಮಕ್ಕ ಗೂಡಿನಿಂದ ಫೋನು ತೆಗೆದು ಕೈಗಿಟ್ಟಳು. ಡಾಕ್ಟರು ಬಂದರು. ತೆಪ್ಪ ಇಳಿಸುವ ಮೊದಲು ನಾನೇ ಮುಂದಾಗಿ ಜಾಕೆಟ್ ತೊಟ್ಟು ಹೇಳಿದೆ: "ಎದ್ದು ನಿಂದ್ರಬ್ಯಾಡ್ರಿ ಸಾಹೇಬ್ರ. ನಂಗ ನೀರಂದ್ರ ಅಂಜಿಕಿ ಐತ್ರಿ." ಅವರು ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ, ಅಂಚು ಹಿಡಿದು ಗಪ್ಪಗೆ ಕುಳಿತರು. ಅಂಜಿಕೆ ಇನ್ನೂ ಹೋಗಿಲ್ಲ. ತಲೆಯ ಮೇಲೆ ಚೆಂಬು ಸುರಿದುಕೊಳ್ಳಲು ಈಗಲೂ ಕಣ್ಣು ಬಿಟ್ಟುಕೊಂಡೇ ಇರಬೇಕು.

ಹರಪನಹಳ್ಳಿಯ ಆ ಅಂಗಡಿ ಕಟ್ಟೆಯ ಮೇಲೆ ಇದೆಲ್ಲ ನೆನಪಾಗಿ ಕುಳಿತಿದ್ದಾಗ ಜೇಬಿನಲ್ಲಿ ಫೋನು ಬಡಿಯಿತು. ಮೊದಲ ರಿಂಗಿಗೇ ಎತ್ತಿದೆ. ಅತ್ತ ಕಡೆಯಿಂದ ಮಾತಿಗಿಂತ ಮೊದಲು ಗಾಳಿಯ ಸದ್ದು ಕೇಳಿಸಿತು. ದಂಡೆಯಲ್ಲಿ ನಿಂತಿದ್ದಾಳೆಂದು ಗೊತ್ತಾಯಿತು.

"ಗಾಳಿ ಎದ್ದೈತಿ," ಎಂದಳು ಹನುಮಕ್ಕ. "ಎಲ್ಲಿ ಅದಿ?"

ಬೆಳಿಗ್ಗೆ ಬುತ್ತಿ ಕಟ್ಟಿಕೊಟ್ಟು ಹರಪನಹಳ್ಳಿ ಬಸ್ಸಿಗೆ ಕಳಿಸಿದವಳೇ ಅವಳು. ಅವಳು ಕೇಳುತ್ತಿದ್ದದ್ದು ಊರಿನ ಹೆಸರಲ್ಲ.

"ನೆಲದ ಮ್ಯಾಲೆ ಅದೀನಿ," ಎಂದೆ.

"ಹೂಂ," ಎಂದು ಫೋನು ಇಟ್ಟಳು.